ಬೇಸಿಗೆಯ ಆನ್‌ಲೈನ್ ಕೋರ್ಸಿಗೆ ಅಧ್ಯಾಪಕರನ್ನು ಸಿದ್ಧಗೊಳಿಸುವುದು ಹೇಗೆ?

ಪ್ರಶ್ನೆ: ನಮ್ಮದು ಕಲ್ಯಾಣ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿರುವ ಸ್ವಾಯತ್ತ ಪದವಿ ಕಾಲೇಜು. ಬ್ಯಾಕ್‌ಲಾಗ್ (ಪಾಸಾಗದ ಹಳೆಯ ಪತ್ರಿಕೆ) ಉಳಿಸಿಕೊಂಡವರಿಗೂ ಹಾಜರಾತಿ ಕೊರತೆಯಿಂದ ಪರೀಕ್ಷೆ ತಪ್ಪಿದವರಿಗೂ ಮೇ ಎರಡನೆಯ ವಾರದಿಂದ ಆರು ವಾರಗಳ ಬೇಸಿಗೆ ಕೋರ್ಸುಗಳನ್ನು ಆನ್‌ಲೈನ್‌ನಲ್ಲಿ ನಡೆಸಬೇಕೆಂದು ತೀರ್ಮಾನವಾಗಿದ್ದು, ಸಂಚಾಲಕನ ಹೊಣೆ ನನ್ನ ಮೇಲೆ ಬಿದ್ದಿದೆ. 4 ಕ್ರೆಡಿಟ್‌ನ ಸಂಖ್ಯಾಶಾಸ್ತ್ರ, 4 ಕ್ರೆಡಿಟ್‌ನ ಒಂದು ವಾಣಿಜ್ಯ ಪತ್ರಿಕೆ, 3 ಕ್ರೆಡಿಟ್‌ನ ಕನ್ನಡ ಭಾಷಾ ಪತ್ರಿಕೆ ಹಾಗೂ ರಸಾಯನಶಾಸ್ತ್ರದ ಪ್ರಯೋಗ ಪಟ್ಟಿಯಲ್ಲಿವೆ. ಒಬ್ಬ ವಿದ್ಯಾರ್ಥಿ ಮೂರು ಕೋರ್ಸುಗಳಿಗೆ ಹೆಸರು ನೋಂದಾಯಿಸಬಹುದು. ಸಂಖ್ಯಾಶಾಸ್ತ್ರದಲ್ಲಿ 38 ಮಂದಿ ಇದ್ದಾರೆ. ಹಿರಿಯ ಅಧ್ಯಾಪಕರು, ಕೋವಿಡ್ ಕಾಲದಲ್ಲಿ ಗೋಡೆಗೆ ಪಾಠ ಮಾಡಿದ್ದು ಸಾಕು ಎನ್ನುತ್ತಾರೆ. ಪ್ರಾಂಶುಪಾಲರು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣವಾದ ‘ಸ್ವಯಂ’ನ ವಿಡಿಯೊಗಳನ್ನು ಹಾಕಿದರಾಯಿತು ಎನ್ನುತ್ತಾರೆ. ಆನ್‌ಲೈನ್ ಅಂದಮೇಲೆ ನಕಲು ತಪ್ಪಿದ್ದಲ್ಲ ಎಂಬ ಮಾತೂ ಇದೆ. ಏಪ್ರಿಲ್‌ನಲ್ಲಿ ಎರಡು ದಿನದ ಸಾಫ್ಟ್‌ವೇರ್ ಕಾರ್ಯಾಗಾರ ಇಟ್ಟುಕೊಂಡಿದ್ದೇವೆ. ಇಷ್ಟು ಸಾಕಾಗುತ್ತದೆಯೇ?

ಉತ್ತರ: ನೀವು ಕೇಳಿರುವುದು ಕಾರ್ಯಾಗಾರದ ಬಗ್ಗೆಯಾದರೂ, ಮನಸ್ಸಿಲ್ಲದ ಸಹೋದ್ಯೋಗಿಗಳಿಂದ ಅಳತೆ ಮೀರಿದ ಕೆಲಸ ಮಾಡಿಸಿ, ಅದು ಕೆಟ್ಟರೆ ಮಾತು ನಿಮ್ಮ ಮೇಲೆ ಬರುತ್ತದೆಂಬ ಅಳುಕು ಪತ್ರದ ಸಾಲುಗಳ ನಡುವೆ ಕಾಣುತ್ತದೆ. ವಿಶ್ವವಿದ್ಯಾಲಯವೊಂದರ ಬೋಧನಾ ನೆರವು ಘಟಕದಲ್ಲಿ ಹಲವು ಬೇಸಿಗೆಗಳನ್ನು ಕಳೆದವನಾಗಿ ಹೇಳುವುದಾದರೆ, ಆ ಅಳುಕಿಗೆ ಕಾರಣವಿದೆ. ಎರಡು ದಿನದ ಕಾರ್ಯಾಗಾರ ಸಾಕಾಗುವುದಿಲ್ಲ. ಅದರ ಜಾಗದಲ್ಲಿ ಏನಿರಬೇಕೆಂಬುದನ್ನು ಮುಂದೆ ಹೇಳುತ್ತೇನೆ; ಅದಕ್ಕೆ ಮೊದಲು ಗಂಟೆಗಳ ಲೆಕ್ಕ ಹಾಕಿಬಿಡೋಣ, ಏಕೆಂದರೆ ಬೇಸಿಗೆ ಕೋರ್ಸುಗಳು ಕೆಡುವುದು ಹೆಚ್ಚಾಗಿ ಟೈಮ್‌ಟೇಬಲ್ಲಿನ ಕಾಗದದ ಮೇಲೆಯೇ.

ನಿಮ್ಮ ಪತ್ರದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಈ ವಿದ್ಯಾರ್ಥಿಗಳು ಕೋರ್ಸನ್ನು ಹೊಸದಾಗಿ ನೋಂದಾಯಿಸಿಕೊಂಡು, ಹೊಸ ಹಾಜರಾತಿ, ಹೊಸ ಆಂತರಿಕ ಅಂಕಗಳೊಂದಿಗೆ ಕ್ರೆಡಿಟ್ ಗಳಿಸುತ್ತಾರೆಯೇ, ಅಥವಾ ಹಳೆಯ ಆಂತರಿಕ ಅಂಕ ಉಳಿಸಿಕೊಂಡು ಮರುಪರೀಕ್ಷೆಯನ್ನು ಮಾತ್ರ ಬರೆಯುತ್ತಾರೆಯೇ? ಇವೆರಡೂ ಬೇರೆ ಬೇರೆ ಕೆಲಸಗಳು. ಮರುಪರೀಕ್ಷೆಯಷ್ಟೇ ಆದರೆ ಅದು ಪರಿಹಾರ ಬೋಧನೆ. ಪೂರ್ತಿ ಗಂಟೆಗಳನ್ನು ತುಂಬಿಸುವ ಕಟ್ಟುಪಾಡಿಲ್ಲ, ಎಡವಿದ ಯೂನಿಟ್ಟುಗಳನ್ನು ಮಾತ್ರ ಹಿಡಿದು ಕಲಿಸಬಹುದು. ಹೊಸದಾಗಿ ಕ್ರೆಡಿಟ್ ಕೊಡುವುದಾದರೆ ಗಂಟೆಗಳು ಪೂರ್ಣ ಇರಲೇಬೇಕು. ಹಾಜರಾತಿ ಕೊರತೆಯವರು ಬಹುಶಃ ಹೊಸದಾಗಿ ಕ್ರೆಡಿಟ್ ಗಳಿಸುವ ಗುಂಪಿಗೆ, ಬ್ಯಾಕ್‌ಲಾಗ್‌ನವರು ಮರುಪರೀಕ್ಷೆಯ ಗುಂಪಿಗೆ ಸೇರುತ್ತಾರೆ. ಇಬ್ಬರನ್ನೂ ಒಂದೇ ಗೂಗಲ್ ಕ್ಲಾಸ್‌ರೂಮಿಗೆ ತುಂಬಿದರೆ ಅಧ್ಯಾಪಕರಿಗೆ ತಾವು ಯಾರಿಗಾಗಿ ಪಾಠ ಮಾಡುತ್ತಿದ್ದೇವೆಂದೇ ತಿಳಿಯುವುದಿಲ್ಲ. ಈ ವಾರವೇ ಪರೀಕ್ಷಾ ನಿಯಂತ್ರಕರಿಂದ ಇದಕ್ಕೆ ಲಿಖಿತ ಉತ್ತರ ಪಡೆಯಿರಿ. ಪೂರ್ಣ ಆನ್‌ಲೈನ್ ಪದವಿ ನಡೆಸಲು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ನಿಯಮಾವಳಿಯಡಿ ಪ್ರತ್ಯೇಕ ಅರ್ಹತೆ ಬೇಕಾಗುತ್ತದೆ. ನಿಮ್ಮದು ಆ ಸಂಗತಿಯಲ್ಲ. ಆದರೆ ನಿಯಮಿತ ಪದವಿಯ ಕೆಲವು ಕೋರ್ಸುಗಳನ್ನು ಬೇಸಿಗೆಯಲ್ಲಿ ಈ ರೀತಿ ನಡೆಸುತ್ತೇವೆಂಬ ಠರಾವು ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಆಗಿರಲಿ.

ಇನ್ನು ಲೆಕ್ಕ. 1 ಕ್ರೆಡಿಟ್ ಎಂದರೆ ಸಾಮಾನ್ಯವಾಗಿ 15 ಗಂಟೆಗಳ ಪಾಠ. 4 ಕ್ರೆಡಿಟ್‌ನ ಸಂಖ್ಯಾಶಾಸ್ತ್ರಕ್ಕೆ 60 ಗಂಟೆ. ಆರು ವಾರಕ್ಕೆ ಹಂಚಿದರೆ ವಾರಕ್ಕೆ 10 ಗಂಟೆ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ವರ್ಷಕ್ಕೆ 40 ಕ್ರೆಡಿಟ್‌ಗಳಿಗೆ 1200 ಕಲಿಕಾ ಗಂಟೆಗಳೆಂದು ಹಿಡಿಯುತ್ತದೆ, ಅಂದರೆ ಸ್ವಂತ ಓದು, ಅಭ್ಯಾಸ, ಪರೀಕ್ಷೆ ಎಲ್ಲ ಸೇರಿ ಕ್ರೆಡಿಟ್ಟಿಗೆ 30 ಗಂಟೆ. ಹಾಗಾದರೆ ಆ ಒಂದು ಕೋರ್ಸಿಗೇ 120 ಗಂಟೆ, ವಾರಕ್ಕೆ 20. ಸಂಖ್ಯಾಶಾಸ್ತ್ರ, ವಾಣಿಜ್ಯ, ಕನ್ನಡ ಮೂರನ್ನೂ ಹಿಡಿದ ವಿದ್ಯಾರ್ಥಿ ವಾರಕ್ಕೆ 55 ಗಂಟೆ ಓದಬೇಕಾಗುತ್ತದೆ. ಸೆಮಿಸ್ಟರಿನ ನಿಧಾನ ಗತಿಯಲ್ಲೇ ಹಿಂದೆ ಬಿದ್ದ ಹುಡುಗ, ಮೇ ತಿಂಗಳಿನಲ್ಲಿ, ಅಣ್ಣನ ಮದುವೆ ಮತ್ತು ಊರ ಜಾತ್ರೆಯ ನಡುವೆ, ಬಹುಪಾಲು ಯಾವುದಾದರೂ ಅಂಗಡಿಯಲ್ಲಿ ದುಡಿಯುತ್ತ, ಇದನ್ನು ಮಾಡಲಾರ. ಒಬ್ಬರಿಗೆ ಹೆಚ್ಚೆಂದರೆ ಎರಡು ಕೋರ್ಸು ಎಂದು ಮಿತಿ ಹಾಕಿ. ಎರಡೂ 4 ಕ್ರೆಡಿಟ್‌ನವಾದರೆ ಅದೂ ಭಾರವೇ. ಪೋಷಕರಿಂದ ಒತ್ತಡ ಬರುತ್ತದೆ, ಬರಲಿ; ಮೇಲಿನ ಲೆಕ್ಕವನ್ನು ನೋಂದಣಿ ನಮೂನೆಯಲ್ಲೇ ಅಚ್ಚು ಹಾಕಿಸಿಬಿಡಿ.

ಅಧ್ಯಾಪಕರ ಕಡೆಯ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಅವರ ಮನಸ್ಸಿಲ್ಲದಿರುವಿಕೆಯ ಬೇರು ಬಹುಮಟ್ಟಿಗೆ ಇಲ್ಲೇ ಇದೆ ಎಂದು ನನ್ನ ಅನಿಸಿಕೆ. 38 ವಿದ್ಯಾರ್ಥಿಗಳಿಗೆ ವಾರಕ್ಕೊಂದರಂತೆ ಆರು ಅಸೈನ್‌ಮೆಂಟ್ ಕೊಟ್ಟರೆ 228 ಉತ್ತರಗಳಾಗುತ್ತವೆ. ಒಂದಕ್ಕೆ 6 ನಿಮಿಷವೆಂದರೂ ಸುಮಾರು 23 ಗಂಟೆಗಳ ತಿದ್ದುವ ಕೆಲಸ, ಅದೂ ಮೊಬೈಲಿನಲ್ಲಿ ತೆಗೆದ ಅರೆಗತ್ತಲಿನ ಫೋಟೊಗಳನ್ನು ಹಿಗ್ಗಿಸಿ ನೋಡುತ್ತ. ಹತ್ತು ನಿಮಿಷದ ವಿಡಿಯೊ ಒಂದನ್ನು ಮೊದಲ ಬಾರಿಗೆ ಮಾಡುವವರಿಗೆ ತಯಾರಿ, ಚಿತ್ರೀಕರಣ, ಮರುಚಿತ್ರೀಕರಣ ಸೇರಿ ಎರಡು ಗಂಟೆಯಾದರೂ ಹಿಡಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಇದೆಲ್ಲ ಅವರ ರಜೆಯಲ್ಲಿ. ಯುಜಿಸಿಯ 2018ರ ನಿಯಮಾವಳಿಯಲ್ಲಿ, ರಜಾ ಅವಧಿಯಲ್ಲಿ ಕರ್ತವ್ಯಕ್ಕೆ ಕರೆದ ದಿನಗಳ ಮೂರನೇ ಒಂದು ಭಾಗದಷ್ಟು ಗಳಿಕೆ ರಜೆ ಕೊಡಲು ಅವಕಾಶವಿದೆ. ಕಾಯಂ ಅಧ್ಯಾಪಕರಿಗೆ ಆ ಆದೇಶವನ್ನು ಕೋರ್ಸು ಶುರುವಾಗುವ ಮುನ್ನವೇ ಹೊರಡಿಸಿ. ಅತಿಥಿ ಉಪನ್ಯಾಸಕರ ಮಾತು ಇನ್ನೂ ಸೂಕ್ಷ್ಮ. ಸೆಮಿಸ್ಟರ್ ಮುಗಿದೊಡನೆ ಅವರ ನೇಮಕಾತಿಯ ಅವಧಿಯೂ ಮುಗಿದಿರುತ್ತದೆ. ‘ಚುರುಕಾಗಿದ್ದಾರೆ, ಕಂಪ್ಯೂಟರ್ ಬರುತ್ತದೆ’ ಎಂದು ಅವರ ಹೆಗಲಿಗೇ ಎಲ್ಲವನ್ನೂ ಏರಿಸಿ, ಗೌರವಧನದ ಮಾತನ್ನು ಆಮೇಲೆ ನೋಡೋಣ ಎಂದ ಒಂದು ಕಾಲೇಜಿನಲ್ಲಿ ಮೂರನೆಯ ವಾರಕ್ಕೆ ಇಬ್ಬರು ಬಿಟ್ಟುಹೋದದ್ದನ್ನು ನೋಡಿದ್ದೇನೆ, ಅವರದೇನೂ ತಪ್ಪಿರಲಿಲ್ಲ.

ಈಗ ‘ಗೋಡೆಗೆ ಪಾಠ’ದ ದೂರಿಗೆ ಬರುತ್ತೇನೆ. ಆ ಹಿರಿಯರು ಹೇಳುತ್ತಿರುವುದು ಸುಳ್ಳಲ್ಲ, ಆದರೆ ಅವರು ಅನುಭವಿಸಿದ್ದನ್ನು ಆನ್‌ಲೈನ್ ಬೋಧನೆ ಎಂದು ಕರೆಯಲು ಶಿಕ್ಷಣ ವಿನ್ಯಾಸದ ಕ್ಷೇತ್ರದಲ್ಲಿರುವವರು ಒಪ್ಪುವುದಿಲ್ಲ. 2020ರ ಮಾರ್ಚ್‌ನಲ್ಲೇ ಅಮೆರಿಕದ ಕೆಲವು ವಿದ್ವಾಂಸರು ಅದಕ್ಕೆ ‘ತುರ್ತು ದೂರಬೋಧನೆ’ ಎಂದು ಬೇರೆ ಹೆಸರಿಟ್ಟು, ಒಂದು ವಿಶ್ವವಿದ್ಯಾಲಯ ಕೋರ್ಸನ್ನು ನಿಜವಾಗಿ ಆನ್‌ಲೈನಿಗೆಂದೇ ರೂಪಿಸಲು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಬೇಕೆಂದು ಬರೆದರು. ನಿಮ್ಮ ಕೈಯಲ್ಲಿರುವುದು ಹತ್ತು ಹನ್ನೊಂದು ವಾರ. ಆದ್ದರಿಂದ ಪೂರ್ಣ ಆನ್‌ಲೈನ್ ಕೋರ್ಸಿನ ಕನಸು ಬೇಡ. ನೇರ ತರಗತಿ, ಸಣ್ಣ ವಿಡಿಯೊ, ಮನೆಯಲ್ಲಿ ಮಾಡುವ ಲೆಕ್ಕ ಮತ್ತು ಕಾಲೇಜಿನಲ್ಲಿ ಮುಖಾಮುಖಿ ಕೂರುವ ಕೆಲವು ದಿನಗಳ ಮಿಶ್ರಣ ನಿಮ್ಮಿಂದಾಗುವ ಕೆಲಸ. ಗೋಡೆಗೆ ಪಾಠ ಮಾಡಿದಂತೆ ಅನ್ನಿಸಿದ್ದು ಎರಡು ಗಂಟೆ ಒಬ್ಬರೇ ಮಾತಾಡಿದ್ದರಿಂದ, ಮತ್ತು ಅತ್ತ ಕಡೆ ಕ್ಯಾಮೆರಾ ಮುಚ್ಚಿದ್ದರಿಂದ. ವಿದ್ಯಾರ್ಥಿಗಳು ಕ್ಯಾಮೆರಾ ಮುಚ್ಚುವುದು ಉಡಾಫೆಯಿಂದಲೇ ಅಲ್ಲ. ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಯಾರೋ ಮಲಗಿರುತ್ತಾರೆ, ಮತ್ತು ಡೇಟಾ ಖರ್ಚಾಗುತ್ತದೆ.

ಡೇಟಾದ ಲೆಕ್ಕವನ್ನು ಅಧ್ಯಾಪಕರ ಮುಂದೆ ಒಮ್ಮೆ ಬೋರ್ಡಿನ ಮೇಲೆ ಮಾಡಿ ತೋರಿಸಿ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ವಿಡಿಯೊ ಹರಿದರೆ ಗಂಟೆಗೆ 450 ಎಂಬಿ ಆಗುತ್ತದೆ. ಎರಡು ಕೋರ್ಸುಗಳ ವಾರದ 20 ಗಂಟೆಗಳ ಪಾಠವನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ 3 ಗಂಟೆ 20 ನಿಮಿಷ, ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವನ ಡೇಟಾ ಅಲ್ಲಿಗೇ ಪೂರ್ತಿ ಮುಗಿಯುತ್ತದೆ. ಅದೇ ಮಾತನ್ನು ಸೆಕೆಂಡಿಗೆ 64 ಕಿಲೋಬಿಟ್‌ನ ಧ್ವನಿಯಾಗಿ ಕಳಿಸಿದರೆ ಗಂಟೆಗೆ 29 ಎಂಬಿ ಸಾಕು. ಕನ್ನಡ ಭಾಷಾ ಪತ್ರಿಕೆಯ ಪದ್ಯ ವಾಚನಕ್ಕೂ ವಿವರಣೆಗೂ ಮುಖ ಕಾಣಬೇಕಾದ ಅಗತ್ಯವೇ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಕಡತ, ಜೊತೆಗೆ ಪಠ್ಯದ ಪುಟ ಇದ್ದರೆ ಹೊಲದ ಬದುವಿನ ಮೇಲೆ ಕುಳಿತೂ ಕೇಳಬಹುದು. ಹಾಗಾಗಿ ವಾರದ 10 ಗಂಟೆಗಳಲ್ಲಿ ನೇರ ತರಗತಿ ನಾಲ್ಕು ಗಂಟೆ ಮೀರದಿರಲಿ, ಅದೂ ಬೆಳಿಗ್ಗೆ ಬೇಗ ಇಲ್ಲವೇ ರಾತ್ರಿ ಎಂಟರ ನಂತರ ಇರಲಿ. ಉಳಿದ ಗಂಟೆಗಳನ್ನು ಸಣ್ಣ ವಿಡಿಯೊ ಅಥವಾ ಧ್ವನಿ, ಅಧ್ಯಾಪಕರು ನೋಡಿ ತಿದ್ದುವ ಲೆಕ್ಕಗಳು, ಐದಾರು ಜನರ ಗುಂಪಿನೊಂದಿಗೆ ಫೋನಿನ ಚರ್ಚೆ ಎಂದು ಹಂಚಿ, ಇವುಗಳಲ್ಲಿ ಯಾವುದನ್ನು ಹಾಜರಾತಿಗೆ ಹಿಡಿಯುತ್ತೀರೆಂಬುದನ್ನು ಮೊದಲೇ ಬರೆದಿಡಿ. ಈ ಹಂಚಿಕೆಯಲ್ಲಿ ಅಪಾಯವಿಲ್ಲದಿಲ್ಲ: ನೇರ ತರಗತಿ ಕಡಿಮೆಯಾದಷ್ಟೂ, ಹಿಂದುಳಿದ ವಿದ್ಯಾರ್ಥಿ ಸದ್ದಿಲ್ಲದೆ ಜಾರಿಹೋಗುವುದು ಸುಲಭ. ಪ್ರತಿ ಕೋರ್ಸಿಗೆ ಒಬ್ಬರು, ಎರಡು ದಿನ ಏನನ್ನೂ ಸಲ್ಲಿಸದವರಿಗೆ ಫೋನ್ ಮಾಡುವ ಕೆಲಸವನ್ನೇ ಹೊತ್ತುಕೊಳ್ಳಬೇಕು.

ವಿಡಿಯೊ ಎಷ್ಟು ಉದ್ದವಿರಬೇಕು? ಆನ್‌ಲೈನ್ ಕೋರ್ಸುಗಳ ಎಡ್‌ಎಕ್ಸ್ ಜಾಲತಾಣದ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ನೋಡಿದ ಅವಧಿಯ ಮಧ್ಯಾಂಕ ಆರು ನಿಮಿಷವನ್ನು ದಾಟಿರಲಿಲ್ಲ. ಅವರು ತಾವಾಗಿ ಬಂದು ಸೇರಿದ ಕಲಿಕಾರ್ಥಿಗಳು, ನಿಮ್ಮವರು ಪಾಸಾಗಲೇಬೇಕಾದವರು. ಆ ಅಂಕಿಯನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೂ ಒಂದು ವಿಡಿಯೊಗೆ ಒಂದೇ ವಿಷಯ ಎಂಬ ಕಟ್ಟು ಒಳ್ಳೆಯದು.

ಸಂಖ್ಯಾಶಾಸ್ತ್ರದ ಒಬ್ಬ ಹಿರಿಯ ಪ್ರಾಧ್ಯಾಪಕರೊಂದಿಗೆ ಕುಳಿತದ್ದು ಇಲ್ಲಿ ನೆನಪಾಗುತ್ತದೆ. ಸ್ಲೈಡು ಅವರಿಗೆ ಒಗ್ಗದು, ಡಿಜಿಟಲ್ ಪೆನ್ನು ಕೈಗೆ ಕೂರದು. ಬೋರ್ಡಿನ ಮುಂದೆ ನಿಂತರೆ ಮಾತ್ರ ಅವರ ಪಾಠ ಅರಳುತ್ತಿತ್ತು. ಮೇಜಿನ ಮೇಲೆ ಎರಡು ಕಡೆ ದಪ್ಪ ಪುಸ್ತಕಗಳನ್ನು ಪೇರಿಸಿ, ನಡುವೆ ಅಡ್ಡಲಾಗಿ ಅಡಿಪಟ್ಟಿಯೊಂದನ್ನಿಟ್ಟು, ಅದರ ಮೇಲೆ ಕ್ಯಾಮೆರಾ ಕೆಳಮುಖವಾಗುವಂತೆ ಮೊಬೈಲನ್ನು ಇಟ್ಟೆವು. ಕೆಳಗೆ ಬಿಳಿ ಹಾಳೆ, ಕಪ್ಪು ಸ್ಕೆಚ್ ಪೆನ್ನು. ಫ್ಯಾನಿನ ಸದ್ದು ಧ್ವನಿಯಲ್ಲಿ ಸೇರುತ್ತಿದ್ದುದರಿಂದ ಅದನ್ನೂ ಆರಿಸಬೇಕಾಯಿತು. ಮೇ ತಿಂಗಳ ಮಧ್ಯಾಹ್ನ, ರಿಗ್ರೆಷನ್ ಸಮೀಕರಣದ ನಡುವೆ ಬೆವರ ಹನಿಯೊಂದು ಹಾಳೆಯ ಮೇಲೆ ಬಿದ್ದು ಶಾಯಿ ಹರಡಿತು. ಅವರು ನಿಲ್ಲಿಸಲಿಲ್ಲ, ‘ಇದನ್ನು ಔಟ್‌ಲೈಯರ್ (ಉಳಿದವುಗಳಿಂದ ದೂರ ಸಿಡಿದ ಬಿಂದು) ಎಂದು ತಿಳಿಯಿರಿ’ ಎಂದು ಮುಂದುವರಿದರು. ಅವರ ಮೊದಲ ವಿಡಿಯೊ 52 ನಿಮಿಷವಿತ್ತು. ಅದನ್ನು ಒಟ್ಟಿಗೆ ನೋಡುತ್ತ, ಎಲ್ಲಿ ಅವರು ಉಸಿರು ತೆಗೆದುಕೊಂಡು ‘ಈಗ’ ಎನ್ನುತ್ತಾರೋ ಅಲ್ಲಲ್ಲಿ ಕತ್ತರಿಸಿದೆವು, ಆರು ತುಂಡುಗಳಾದವು. ವಯಸ್ಸಾದವರಿಗೆ ತಂತ್ರಜ್ಞಾನ ಹತ್ತುವುದಿಲ್ಲ ಎಂಬುದು ಕಾಲೇಜುಗಳಲ್ಲಿ ಬೇರೂರಿದ ನಂಬಿಕೆ. ನಾನು ಕಂಡಂತೆ, ಮೂವತ್ತು ವರ್ಷ ಪಾಠ ಮಾಡಿದವರಿಗೆ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆಂಬುದು ಕರತಲಾಮಲಕವಾಗಿರುತ್ತದೆ, ಅವರ ಕೈಗೆ ಒಗ್ಗುವ ಸಲಕರಣೆಯನ್ನು ಹುಡುಕಿಕೊಡುವುದಷ್ಟೇ ನಮ್ಮ ಪಾಲಿನ ಕೆಲಸ.

ಪ್ರಾಂಶುಪಾಲರ ಸಲಹೆಯನ್ನು ತಳ್ಳಿಹಾಕಬೇಕಾಗಿಲ್ಲ, ಆದರೆ ಅದನ್ನು ಸರಿಯಾದ ಜಾಗದಲ್ಲಿಡಬೇಕು. 2017ರಲ್ಲಿ ಶುರುವಾದ ‘ಸ್ವಯಂ’ನಲ್ಲಿ ವಿಡಿಯೊ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚೆ ಎಂಬ ನಾಲ್ಕೂ ಭಾಗಗಳಿವೆ, ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರಷ್ಟನ್ನು ಅಲ್ಲಿಂದ ಪಡೆಯಲು 2021ರ ಯುಜಿಸಿ ನಿಯಮಾವಳಿ ಅವಕಾಶ ಕೊಟ್ಟಿದೆ. ಆದರೆ ಕ್ರೆಡಿಟ್ ಕೊಡುವ ಕೋರ್ಸುಗಳು ಅಲ್ಲಿ ಮುಖ್ಯವಾಗಿ ಜನವರಿ ಮತ್ತು ಜುಲೈ ಆವರ್ತಗಳಲ್ಲಿ ನಡೆಯುತ್ತವೆ, ಅವುಗಳ ಪರೀಕ್ಷೆ ಬೇರೆ, ವೇಳಾಪಟ್ಟಿ ಬೇರೆ. ಮೇ–ಜೂನ್‌ನ ನಿಮ್ಮ ಆರು ವಾರಗಳಿಗೆ ಅವು ಹೊಂದುವುದಿಲ್ಲ. ವಿಡಿಯೊಗಳನ್ನು ಪೂರಕವಾಗಿ ತೋರಿಸಬಹುದು. ಅಲ್ಲೊಂದು ತೊಡಕಿದೆ: ನಿಮ್ಮ ಸಿಲಬಸ್ಸಿನ ಸಂಕೇತಗಳೇ ಒಂದು, ಅಲ್ಲಿಯವೇ ಒಂದು, ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತಾಡುವ ವಿಡಿಯೊ ನೋಡಿ, ಒಮ್ಮೆ ಫೇಲಾದ ಹುಡುಗಿ ತನಗೆ ಇದು ದಕ್ಕುವುದೇ ಇಲ್ಲವೆಂದು ಕೈಬಿಟ್ಟಾಳು. ಅಧ್ಯಾಪಕರು ಹತ್ತು ನಿಮಿಷದ ಭಾಗವನ್ನು ಆಯ್ದು, ಮುಂಚೆ ಎರಡು ಪ್ರಶ್ನೆ, ನಂತರ ಎರಡು ಪ್ರಶ್ನೆ ಕೊಟ್ಟರೆ ಮಾತ್ರ ಅದಕ್ಕೆ ಬೆಲೆ.

ನಕಲಿನ ಭಯದ ಬಗ್ಗೆ. ಆನ್‌ಲೈನ್‌ನಲ್ಲಿ ನಕಲು ತಡೆಯಲಾಗದು ಎಂಬುದೂ, ಕಣ್ಗಾವಲು ಸಾಫ್ಟ್‌ವೇರ್ ಹಾಕಿದರೆ ನಿಂತುಹೋಗುತ್ತದೆ ಎಂಬುದೂ ಎರಡೂ ಅರೆಸತ್ಯಗಳೇ. ಒಂದೇ ಪ್ರಶ್ನೆಯನ್ನು 38 ಮಂದಿಗೆ ಕೊಟ್ಟರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಉತ್ತರ 38 ಆಗುತ್ತದೆ, ಇದರಲ್ಲಿ ಆಶ್ಚರ್ಯವೇನಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸುಲಭದ ಹಾದಿಯಿದೆ: ಪ್ರತಿಯೊಬ್ಬರೂ ತಮ್ಮೂರ ಸಂತೆಯಲ್ಲಿ ಹತ್ತು ತರಕಾರಿಗಳ ಬೆಲೆಯನ್ನು ಎರಡು ವಾರ ಬರೆದುಕೊಂಡು ಬಂದು, ಅದರದೇ ಸರಾಸರಿ, ಪ್ರಮಾಣ ವಿಚಲನೆ, ಸಹಸಂಬಂಧ ಲೆಕ್ಕ ಹಾಕಲಿ. ಅಂಕಿಗಳು ಬೇರೆಯಾದ್ದರಿಂದ ಉತ್ತರವನ್ನು ಎರವಲು ಪಡೆಯಲಾಗದು, ವಿಧಾನವನ್ನು ಮಾತ್ರ ಪಡೆಯಬಹುದು. ವಿಧಾನವನ್ನು ಗೆಳೆಯನಿಂದ ಕಲಿತರೆ ನನ್ನ ಆಕ್ಷೇಪವಿಲ್ಲ. ಅದರ ಮೇಲೆ ಕೋರ್ಸಿನ ನಡುವೆ ಒಬ್ಬೊಬ್ಬರಿಗೂ ಐದು ನಿಮಿಷ ಫೋನಿನಲ್ಲಿ ಬಾಯಿಮಾತಿನ ಪ್ರಶ್ನೆ ಕೇಳಿ. 38 ಮಂದಿಗೆ 3 ಗಂಟೆ 10 ನಿಮಿಷವಾಗುತ್ತದೆ, ಎರಡು ಸಂಜೆಗಳ ಕೆಲಸ. ಈ ಎರಡನ್ನು ಮಾಡುವುದಾದರೆ ಆರು ಅಸೈನ್‌ಮೆಂಟುಗಳನ್ನು ಮೂರಕ್ಕಿಳಿಸಿ, ಇಲ್ಲವಾದರೆ ಮೇಲೆ ಹೇಳಿದ ತಿದ್ದುವ ಹೊರೆ ಇನ್ನೂ ಹೆಚ್ಚುತ್ತದೆ. ಅಂತಿಮ ಪರೀಕ್ಷೆಯನ್ನು ಮಾತ್ರ ಕಾಲೇಜಿನ ಕೊಠಡಿಯಲ್ಲೇ ನಡೆಸಿ.

ಇಷ್ಟಾದ ಮೇಲೆ ಕಾರ್ಯಾಗಾರ. ಏಪ್ರಿಲ್‌ನಲ್ಲಿ ಎರಡು ದಿನ ಸತತವಾಗಿ ಗುಂಡಿ ಒತ್ತುವುದನ್ನು ಕಲಿತವರು ಮೇ ಹೊತ್ತಿಗೆ ಮುಕ್ಕಾಲು ಪಾಲು ಮರೆತಿರುತ್ತಾರೆ. ಅದೇ ಎರಡು ದಿನವನ್ನು ನಾಲ್ಕು ಅರ್ಧ ದಿನಗಳಾಗಿ ಒಡೆದು ಮಾರ್ಚ್ ಮಧ್ಯದಿಂದ ಎರಡು ವಾರಕ್ಕೊಂದರಂತೆ ಹರಡಿ. ಮೊದಲ ಸಲ ಯಾರೂ ಲ್ಯಾಪ್‌ಟಾಪ್ ತೆರೆಯಬೇಕಿಲ್ಲ. ಫೇಲಾದವರ ಹಳೆಯ ಉತ್ತರ ಪತ್ರಿಕೆಗಳನ್ನು, ಹೆಸರು ಮುಚ್ಚಿ, ಮೇಜಿನ ಮೇಲೆ ಹರಡಿ, ಅಂಕ ಎಲ್ಲಿ ಹೋಯಿತೆಂದು ಹುಡುಕಲಿ. ನಾವು ಹಾಗೆ ಮಾಡಿದಾಗ ಸಂಭವನೀಯತೆಯ ಸೂತ್ರ ಬಾರದೆ ಎಡವಿದವರಿಗಿಂತ ಭಿನ್ನರಾಶಿಯನ್ನು ಶೇಕಡಾವಾರಿಗೆ ತಿರುಗಿಸಲು ತಡವರಿಸಿದವರೇ ಹೆಚ್ಚು ಕಂಡರು, ಮೊದಲ ವಾರದ ಯೋಜನೆಯೇ ಬದಲಾಯಿತು. ಎರಡನೆಯ ಸಲ ಆರು ವಾರಗಳ ಹಂಚಿಕೆ, ಮೂರನೆಯ ಸಲ ಮೊದಲ ವಾರದ ಸಾಮಗ್ರಿ. ಏಪ್ರಿಲ್ ಕೊನೆಯ ನಾಲ್ಕನೆಯ ಸಲ ಇಬ್ಬರು ವಿದ್ಯಾರ್ಥಿಗಳನ್ನು ಕರೆದು ಅವರ ಮೊಬೈಲಿನಲ್ಲೇ ಎಲ್ಲವನ್ನೂ ತೆರೆಸಿ ನೋಡಿ. ಉಪಕರಣ ಒಂದೇ ಇರಲಿ: ಈಗಾಗಲೇ ಗೂಗಲ್ ಕ್ಲಾಸ್‌ರೂಮ್ ಬಳಸುತ್ತಿದ್ದರೆ ಅದೇ ಸಾಕು. ಕೋರ್ಸು ನಡೆಸುವ ಇನ್ನೊಂದು ತಂತ್ರಾಂಶವಾದ ಮೂಡಲ್ ಹೆಚ್ಚು ಶಕ್ತವಾದದ್ದು, ಪ್ರಶ್ನೆ ಭಂಡಾರ ಕಟ್ಟಲು ಅನುಕೂಲ, ಆದರೆ ಅದನ್ನು ಸರ್ವರಿನಲ್ಲಿ ನೋಡಿಕೊಳ್ಳುವ ಒಬ್ಬರು ಬೇಕು, ಮೊದಲ ಬೇಸಿಗೆಗೆ ಅದನ್ನು ನಾನು ಸೂಚಿಸುವುದಿಲ್ಲ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಗುಂಪಿನ ಕರೆ 60 ನಿಮಿಷಕ್ಕೆ, ಜೂಮ್‌ನಲ್ಲಿ 40 ನಿಮಿಷಕ್ಕೆ ಕಡಿದುಹೋಗುತ್ತದೆಂಬುದು ತರಗತಿಯ ನಡುವೆ ತಿಳಿಯುವಂತಾಗಬಾರದು.

ನಾಲ್ಕನೆಯ ಸಲದ ಆ ಪರೀಕ್ಷೆಯಲ್ಲಿ ಕನ್ನಡ ವಿಭಾಗದ ನೋಟ್ಸನ್ನು ತಪ್ಪದೆ ತೆರೆಸಿ. ಹಳೆಯ ನುಡಿ ಅಕ್ಷರ ವಿನ್ಯಾಸದಲ್ಲಿ ವರ್ಷಗಟ್ಟಲೆ ಟೈಪು ಮಾಡಿಟ್ಟ ಪಾಠವನ್ನು ಹಾಗೇ ನಕಲಿಸಿ ಕ್ಲಾಸ್‌ರೂಮಿಗೆ ಅಂಟಿಸಿದರೆ, ವಿದ್ಯಾರ್ಥಿಯ ಮೊಬೈಲಿನಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು. ಅವನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು, ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು; ಸಮಯವಿಲ್ಲದಿದ್ದರೆ ಪಿಡಿಎಫ್ ಮಾಡಿ ಹಾಕುವುದು ಸದ್ಯದ ದಾರಿ. ಈ ಕೆಲಸಕ್ಕೆ ಒಬ್ಬ ಬೆರಳಚ್ಚುಗಾರರನ್ನು ಒಂದು ತಿಂಗಳು ಒದಗಿಸಿಕೊಟ್ಟರೆ ಕನ್ನಡದ ಅಧ್ಯಾಪಕರಿಗೆ ಅದಕ್ಕಿಂತ ದೊಡ್ಡ ನೆರವು ಬೇರೊಂದಿಲ್ಲ.

ಕೊನೆಯದಾಗಿ ರಸಾಯನಶಾಸ್ತ್ರದ ಪ್ರಯೋಗ. ಟೈಟ್ರೇಷನ್‌ನಲ್ಲಿ (ದ್ರಾವಣವನ್ನು ಹನಿಸಿ ಅಳೆಯುವ ಪ್ರಯೋಗ) ಬ್ಯೂರೆಟ್ಟಿನ, ಅಂದರೆ ಅಳತೆಯ ಗಾಜಿನ ಕೊಳವೆಯ, ನಲ್ಲಿಯನ್ನು ಎಡಗೈಯಲ್ಲಿ ಹಿಡಿದು ಹನಿಹನಿಯಾಗಿ ಬಿಡುತ್ತ, ಬಣ್ಣ ತಿರುಗುವ ಆ ಒಂದು ಹನಿಗೆ ಕೈ ನಿಲ್ಲಿಸುವುದನ್ನು ತೆರೆಯ ಮೇಲೆ ತೋರಿಸಬಹುದೇ ಹೊರತು ಕಲಿಸಲಾಗದು. ಪ್ರಯೋಗದ 1 ಕ್ರೆಡಿಟ್‌ಗೆ 30 ಗಂಟೆ ಬೇಕು. ನಿಮ್ಮದು 2 ಕ್ರೆಡಿಟ್‌ನದಾದರೆ 60 ಗಂಟೆ, ದಿನಕ್ಕೆ ಐದು ಗಂಟೆಯಂತೆ ಹನ್ನೆರಡು ದಿನ. ಅದನ್ನು ಆನ್‌ಲೈನ್ ಪಟ್ಟಿಯಿಂದ ತೆಗೆದು, ಜೂನ್‌ನ ಕೊನೆಯ ಎರಡು ವಾರ ವಿದ್ಯಾರ್ಥಿಗಳನ್ನು ಕಾಲೇಜಿಗೇ ಕರೆಸಿ, ಉಳಿದ ಕೋರ್ಸುಗಳ ಮುಖಾಮುಖಿ ದಿನಗಳನ್ನೂ ಅಂತಿಮ ಪರೀಕ್ಷೆಯನ್ನೂ ಅದೇ ಎರಡು ವಾರಕ್ಕೆ ಹೊಂದಿಸಿ. ಬೇಸಿಗೆಯಲ್ಲಿ ಹಾಸ್ಟೆಲ್ ಮೆಸ್ ಮುಚ್ಚಿರುತ್ತದೆ, ಆದ್ದರಿಂದ ವಾರ್ಡನ್ ಅವರೊಂದಿಗೆ ಮಾರ್ಚ್‌ನಲ್ಲೇ ಮಾತಾಡಿಡಿ.